ಅರಿಷಿಣ ಕುಂಕುಮದ ನಕಾಶೆ

ನಮ್ಮ ಕಡೆ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುವಾಕೆಗೆ ಅಕ್ಕೋರು ಎನ್ನುತ್ತಾರೆ. ಶಿಗ್ಗಾಂವಿಯ ಶಾಲೆಗೆ ಕೃಷ್ಣಾಬಾಯಿ ಅಕ್ಕೋರು ಬಂದಾಗ ಊರು ಮೊದಲು ನೋಡಿದ್ದು ಆಕೆಯ ಹಣೆಯನ್ನು. ಹಣೆ ಬರಿದು. ಆಮೇಲೆ ನೋಡಿದ್ದು ತಲೆಯನ್ನು. ತಲೆಯ ತುಂಬ ಕೂದಲು. ಆಚಾರ್ಯರ ಮನೆತನದ ವಿಧವೆಯೊಬ್ಬಳು ಕೂದಲು ಉಳಿಸಿಕೊಂಡು, ಕೈಯಲ್ಲಿ ಬಿದಿರಿನ ಕೋಲು ಹಿಡಿದು, ಪೇಟೆಯ ನಡುವೆ ನೆಟ್ಟಗೆ ನಡೆದು ಬಂದರೆ ಊರ ಬಾಯಿ ಸುಮ್ಮನಿರುತ್ತದೆಯೇ? ಮಾತಾಡಿತು. ತಿಂಗಳೊಪ್ಪತ್ತು ಮಾತಾಡಿ, ದವಡೆ ನೊಂದು, ಬಿಟ್ಟಿತು. ಅಷ್ಟರಲ್ಲಿ ಕೃಷ್ಣಾಬಾಯಿ ಮನೆಮನೆಯ ಕಟ್ಟೆಯ ಮೇಲೆ ಕೂತು, ಮಗಳನ್ನು ಕಳಿಸುತ್ತೇನೆ ಎನ್ನುವ ತನಕ ಏಳುವುದಿಲ್ಲವೆಂದು ಹಟ ಹಿಡಿದು, ಒಂದು ಶಾಲೆಗಾಗುವಷ್ಟು ಹುಡುಗಿಯರನ್ನು ಕೂಡಿಹಾಕಿಬಿಟ್ಟಿದ್ದಳು.

ಆಕೆ ಹುಟ್ಟಿದ್ದು ಸವಣೂರಿನಲ್ಲಿ, ಮಠದ ಹಿಂದಿನ ಓಣಿಯಲ್ಲಿ. ಕೊಟ್ಟಿದ್ದು ಹಾನಗಲ್ಲಿಗೆ. ಹನ್ನೊಂದು ತುಂಬುವ ಮೊದಲೇ, ಒಂದು ಹಬ್ಬದ ದಿನ, ಗಂಡನೆಂಬ ಹುಡುಗನ ಎಲೆಗೆ ಹೋಳಿಗೆ ಬಡಿಸಿದಳು. ಮರುದಿನ ಅವನಿಗೆ ವಾಂತಿಭೇದಿ ಹತ್ತಿತು. ಅದರ ಮರುದಿನ ಅವನಿರಲಿಲ್ಲ. ಆ ವರ್ಷ ಹಾನಗಲ್ಲಿನಲ್ಲಿ ಕಾಲರಾ ಓಣಿ ಓಣಿಗೆ ಹೊಕ್ಕು ಜನರನ್ನು ಒಯ್ಯುತ್ತಿತ್ತು. ಅದು ಎಲ್ಲರಿಗೂ ಗೊತ್ತಿತ್ತು. ಆದರೂ ಅತ್ತೆ ಸೊಸೆಯ ಬಲಗೈಯನ್ನು ಹಿಡಿದೆತ್ತಿ ಬಂದವರಿಗೆಲ್ಲ ತೋರಿಸಿದಳು.

"ಈ ಕೈ ನೋಡ್ರಿ. ಈ ಕೈ ಬಡಿಸಿದ್ದು ಉಂಡು ಹೋದ ನನ್ನ ಮಗ. ಎಂಥಾ ಕೈಗುಣ ನೋಡ್ರಿ."

ಹಣೆಯ ಕುಂಕುಮ ಯಾರು ಒರೆಸಿದರೋ ಕೃಷ್ಣಾಬಾಯಿಗೆ ನೆನಪಿಲ್ಲ. ಕೈ ಎತ್ತಿ ತೋರಿಸಿದ್ದು ಮಾತ್ರ ಮೊಣಕೈ ನೋವಿನ ಸಮೇತ ನೆನಪಿತ್ತು. ತಂದೆ ಸವಣೂರಿನಿಂದ ಗಾಡಿ ಕಟ್ಟಿಕೊಂಡು ಬಂದು ಮಗಳನ್ನು ಕರೆದೊಯ್ದ. ಹಜಾಮನನ್ನು ಬಾಗಿಲೊಳಗೆ ಬಿಡಲಿಲ್ಲ. ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಓದಿಸಿದ, ಮುಂದೆ ಧಾರವಾಡದ ಟ್ರೇನಿಂಗ್ ಶಾಲೆಗೂ ಕಳಿಸಿದ. ಮಗಳು ದುಡಿಯುವಾಕೆಯಾದಳು, ಗಟ್ಟಿ ದನಿಯಾಕೆಯಾದಳು. ಆದರೆ ಕೈಯ ಭಯ ಹೋಗಲಿಲ್ಲ. ಕುಂಕುಮವನ್ನು ಆಕೆ ಮತ್ತೆ ಮುಟ್ಟಲಿಲ್ಲ. ತಿನ್ನುವ ವಸ್ತುವನ್ನೂ ತನ್ನ ಕೈಯಾರೆ ಯಾರಿಗೂ ಕೊಡಲಿಲ್ಲ. ಹೊಸದಾಗಿ ಹೆಸರು ಹಚ್ಚಿದ ಹುಡುಗಿಯ ಮನೆಯವರು ಹಂಚಲೆಂದು ಪುಠಾಣಿ ಬೆಲ್ಲ ತಂದರೆ, "ದೊಡ್ಡವರು ಯಾರರೆ ಹಂಚ್ರಿ" ಎಂದು ತಾನು ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದಳು. ಹುಡುಗಿಯರು ಇದನ್ನು ಅಕ್ಕೋರ ಬಿಗುಮಾನ ಎಂದುಕೊಂಡಿದ್ದರು.

ಶಾಲೆ ನಡೆಯುತ್ತಿದ್ದದ್ದು ಪರಮೇಶ್ವರಪ್ಪನೆಂಬ ವ್ಯಾಪಾರಸ್ಥನ ಹಳೆಯ ಹತ್ತಿಯ ವಖಾರಿಯಲ್ಲಿ. ಒಂದು ಉದ್ದನೆಯ ಕೋಣೆ, ಮುಂದೊಂದು ದೊಡ್ಡ ಅಂಗಳ, ಅಂಗಳಕ್ಕೂ ಪರಮೇಶ್ವರಪ್ಪನ ಮನೆಗೂ ನಡುವೆ ಎದೆಮಟ್ಟದ ಗೋಡೆ. ಕೋಣೆಯಲ್ಲಿ ಸರಕಾರ ಎಂದೋ ಕೊಟ್ಟ ಹಿಂದೂಸ್ಥಾನದ ನಕಾಶೆ ತೂಗುತ್ತಿತ್ತು. ಗೆದ್ದಲು ಮದ್ರಾಸ ಇಲಾಖೆಯನ್ನು, ಎಂದರೆ ಆ ಪ್ರಾಂತವನ್ನು, ಪೂರ್ತಿ ತಿಂದು ಮುಂಬಯಿ ಇಲಾಖೆಗೆ ಬಾಯಿ ಹಾಕಿತ್ತು. ಹೊಸದು ಬೇಕೆಂದು ಕೇಳಿದರೆ, ಹೆಣ್ಣುಮಕ್ಕಳು ನಕಾಶೆ ನೋಡಿ ಎಲ್ಲಿಗೆ ಹೋಗಬೇಕಾಗಿದೆ ಎಂದು ಮೇಲಿನವರು ನಕ್ಕರು.

ಕೃಷ್ಣಾಬಾಯಿಗೆ ಸಿಟ್ಟು ಬಂತು. ಆಕೆಗೆ ಸಿಟ್ಟು ಬಂದರೆ ಕೆಲಸ ಶುರುವಾಗುತ್ತಿತ್ತು. ಹುಡುಗಿಯರನ್ನು ಅಂಗಳಕ್ಕೆ ಎಬ್ಬಿಸಿಕೊಂಡು ಬಂದಳು.

"ರಂಗೋಲಿ ಯಾರ್ಯಾರಿಗೆ ಬರತದ?" ಎಂದು ಕೇಳಿದಳು.

ಬರುವುದಿಲ್ಲ ಎನ್ನುವ ಹುಡುಗಿ ಯಾವ ಓಣಿಯಲ್ಲಿದ್ದಾಳು? ಅಲ್ಲಿಂದ ಭೂಗೋಳ ಶುರುವಾಯಿತು. ಮೊದಲು ಶಾಲೆಯ ಅಂಗಳ, ಆಮೇಲೆ ಊರು, ಆಮೇಲೆ ತಾಲೂಕು, ಜಿಲ್ಲೆ. ಚುಕ್ಕಿಯಿಂದ ಚುಕ್ಕಿಗೆ ಇಷ್ಟು ಮೈಲು ಎಂದು ಒಮ್ಮೆ ಹೇಳಿಕೊಟ್ಟರೆ ಸಾಕು. ಚುಕ್ಕಿ ಎಣಿಸುವುದರಲ್ಲಿ ಆ ಹುಡುಗಿಯರು ಯಾರಿಗೂ ಬಗ್ಗುವವರಲ್ಲ. ಶಿಗ್ಗಾಂವಿಯಿಂದ ಸವಣೂರು ಯಾವ ದಿಕ್ಕಿಗೆ, ಹಾನಗಲ್ಲ ಎಷ್ಟು ದೂರ, ವರದಾ ನದಿ ಎಲ್ಲಿ ಹೊರಳಿ ಎಲ್ಲಿ ತುಂಗಭದ್ರೆಗೆ ಕೂಡುತ್ತದೆ, ಎಲ್ಲ ಬೆರಳ ತುದಿಗೆ ಬಂತು.

ಹಿಂದೂಸ್ಥಾನ ಬರೆಯುವಾಗ ಒಂದು ತಕರಾರು ಎದ್ದಿತು. ಎಲ್ಲರಿಗಿಂತ ಚುರುಕಿನವಳು ದಾನವ್ವ, ವಖಾರಿಯ ಮಾಲಕ ಪರಮೇಶ್ವರಪ್ಪನ ಮೊಮ್ಮಗಳು. ಅವಳು ಪಡುವಣ ದಂಡೆಯಲ್ಲಿ ಕಾಠಿಯಾವಾಡದ ಉಬ್ಬು ತೆಗೆದವಳು, ಮೂಡಣ ದಂಡೆಯಲ್ಲೂ ಅಂಥದೇ ಒಂದು ಉಬ್ಬು ತೆಗೆದುಬಿಟ್ಟಳು. ಇದೇನೆಂದು ಕೇಳಿದರೆ, "ಒಂದು ಮಗ್ಗಲಾ ಇದ್ದದ್ದು ಇನ್ನೊಂದು ಮಗ್ಗಲಾ ಇರದಿದ್ರ ರಂಗೋಲಿ ಹೆಂಗಾಗತೈತ್ರಿ ಅಕ್ಕೋರ?" ಎಂದಳು.

"ದೇವರು ಈ ರಂಗೋಲಿ ಹಾಕೋ ಮುಂದ ನಿನ್ನ ಕೇಳಲಿಲ್ಲವಾ, ತಪ್ಪಾತು" ಎಂದು ಕೃಷ್ಣಾಬಾಯಿ ಕೋಲಿನಿಂದ ಅದನ್ನು ಅಳಿಸಿದಳು.

ಇನ್ನು ಬಣ್ಣ. ಇಂಗ್ಲಿಷರ ಆಳಿಕೆಯ ಸೀಮೆಗೆಲ್ಲ ಕೆಂಪು, ರಾಜರ ನವಾಬರ ಸಂಸ್ಥಾನಗಳಿಗೆ ಹಳದಿ, ಹಾಗೆಂದು ಪುಸ್ತಕದಲ್ಲಿತ್ತು. ಹಳದಿಗೆ ಅರಿಷಿಣವಿತ್ತು. ಕೆಂಪಿಗೆ ಮೊದಲು ಕೆಮ್ಮಣ್ಣು ಹಾಕಿದರು. ಸಗಣಿ ಸಾರಿಸಿದ ನೆಲದ ಮೇಲೆ ಅದು ಎದ್ದು ಕಾಣಲಿಲ್ಲ. ಆಮೇಲೆ ಬ್ಯಾಡಗಿ ಮೆಣಸಿನಕಾಯಿ ಪುಡಿ ಹಾಕಿದರು. ಬಣ್ಣವೇನೋ ರಾಜಬಣ್ಣ, ಆದರೆ ಒಂದು ಗಾಳಿ ಬೀಸಿದ್ದೇ ತಡ, ಇಡೀ ಶಾಲೆ ಮಧ್ಯಾಹ್ನದ ತನಕ ಸೀನಿತು. ಮೂರನೆಯ ಸಲ ದಾನವ್ವ, ಯಾರೂ ಹೇಳದೆ, ಮನೆಯಿಂದ ಒಂದು ಬಟ್ಟಲು ಕುಂಕುಮ ತಂದಳು. ಅವಳನ್ನು ನೋಡಿ ಉಳಿದವರೂ ತಂದರು. ಅರಿಷಿಣ ಕುಂಕುಮದಲ್ಲಿ ಹಿಂದೂಸ್ಥಾನ ಎದ್ದು ಕೂತಾಗ ಹುಡುಗಿಯರು ತಾವಾಗಿಯೇ ಕೈ ಮುಗಿದರು. ಕೃಷ್ಣಾಬಾಯಿ ಕೋಲಿನ ತುದಿಯಿಂದ ತೋರಿಸುತ್ತಿದ್ದಳು, ಅವರು ತುಂಬುತ್ತಿದ್ದರು. ಆಕೆಯ ಕೈ ಕೋಲು ಬಿಟ್ಟು ಕೆಳಗಿಳಿಯಲಿಲ್ಲ.

ಇದು ಸಾವಿರದ ಒಂಬೈನೂರಾ ಮೂವತ್ತನಾಲ್ಕರ ಮಾತು. ಆ ಮಾಘಮಾಸದಲ್ಲಿ ಒಂದು ಸುದ್ದಿ ಬಂತು. ಸೋಮವಾರ ದಿಪೋಟಿ ಸಾಹೇಬರು, ಎಂದರೆ ಶಾಲೆಗಳ ತಪಾಸಣೆಯ ಅಧಿಕಾರಿ, ಬರುತ್ತಾರೆ. ಹುಡುಗಿಯರ ಹಾಜರಿ ಸರಿಯಿಲ್ಲದಿದ್ದರೆ ಈ ಶಾಲೆಯನ್ನು ಮುಚ್ಚಿ ಗಂಡುಮಕ್ಕಳ ಶಾಲೆಗೆ ಸೇರಿಸುತ್ತಾರೆ. ಗಂಡುಹುಡುಗರ ನಡುವೆ ಕೂಡಲು ಶಿಗ್ಗಾಂವಿಯ ಯಾವ ತಾಯಿಯೂ ಮಗಳನ್ನು ಕಳಿಸುವುದಿಲ್ಲ. ಶಾಲೆ ಮುಚ್ಚಿತೆಂದರೆ ಅಷ್ಟೂ ಹುಡುಗಿಯರು ಮನೆಯ ಒಲೆಯ ಮುಂದೆ. ಕೃಷ್ಣಾಬಾಯಿಗೆ ಊಟ ಸೇರದಾಯಿತು. ಶನಿವಾರವೇ ಅಂಗಳ ಸಾರಿಸಿ, ಬಿಳಿ ರಂಗೋಲಿಯಲ್ಲಿ ಅಂಗಳದಗಲ ಹಿಂದೂಸ್ಥಾನದ ಅಂಚು ಬರೆಸಿದಳು. ಮನೆಗಳಿಂದ ಕುಂಕುಮ ಬಂದು ಅಗಲವಾದ ಹಿತ್ತಾಳೆಯ ಪರಾತಗಳಲ್ಲಿ ತುಂಬಿತು. ಬಣ್ಣವನ್ನು ಸೋಮವಾರ ಬೆಳಿಗ್ಗೆ ತುಂಬಬೇಕೆಂದು ಹೇಳಿ, ಪರಾತಗಳನ್ನು ಒಳಗಿಟ್ಟು ಬೀಗ ಹಾಕಿದಳು.

ರವಿವಾರ ದಾನವ್ವನ ಅಜ್ಜಿ ಸಿದ್ದವ್ವ ದೇವರ ಮುಂದಿನ ಕುಂಕುಮದ ಭರಣಿಗೆ ಕೈ ಹಾಕಿದಳು. ಕೈಗೆ ಭರಣಿಯ ತಳ ಹತ್ತಿತು.

ಸಿದ್ದವ್ವನಿಗೆ ಎಪ್ಪತ್ತರ ಹತ್ತಿರ ವಯಸ್ಸು, ಹಣೆಯಲ್ಲಿ ಕಾಸಿನಗಲ ಕುಂಕುಮ, ಕೈತುಂಬ ಬಳೆ. ಮೊಮ್ಮಗಳನ್ನು ಕರೆದು ಕೇಳಿದಳು. ಮೊಮ್ಮಗಳು ಹೆಮ್ಮೆಯಿಂದಲೇ ಹೇಳಿದಳು. ಸಿದ್ದವ್ವ ಎದೆಯ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟಳು. ಮನೆಯ ಕುಂಕುಮ ಹೋಗಿ ಒಬ್ಬ ವಿಧವೆಯ ಮುಂದೆ ನೆಲಕ್ಕೆ ಬಿದ್ದಿದೆ, ಅದೂ ಎಂಥ ವಿಧವೆಯ ಮುಂದೆ! ಹಾನಗಲ್ಲಿನ ಹೋಳಿಗೆಯ ಕಥೆ ಕೃಷ್ಣಾಬಾಯಿಗಿಂತ ಮೊದಲೇ ಶಿಗ್ಗಾಂವಿಗೆ ಬಂದು ಮೂಲೆ ಹಿಡಿದು ಕೂತಿತ್ತು. ಸಿದ್ದವ್ವ ಅದನ್ನು ಎಬ್ಬಿಸಿಕೊಂಡು ಮನೆಮನೆ ತಿರುಗಿದಳು.

"ಗಂಡನ್ನ ತಿಂದ ಕೈ ಅದು. ನಾವು ಮುತ್ತೈದೇರು ನಮ್ಮ ಕುಂಕುಮ ಒಯ್ದು ಆಕಿ ಕಾಲಬುಡಕ ಸುರುವೇವಿ. ನಾಳೆ ನಮ್ಮ ಹುಡಿಗ್ಯಾರ ಗತಿ ಏನವಾ?"

ಕೇಳಿದ ತಾಯಂದಿರ ಮುಖ ಸುಣ್ಣದಂತಾಯಿತು. ಪರಾತದಲ್ಲಿದ್ದ ಕುಂಕುಮವನ್ನು ತಿರುಗಿ ಕೇಳಲು ಕೂಡ ಯಾರಿಗೂ ಧೈರ್ಯವಾಗಲಿಲ್ಲ.

ಸೋಮವಾರ ಬೆಳಿಗ್ಗೆ ಕೃಷ್ಣಾಬಾಯಿ ಬೀಗ ತೆಗೆದು, ಪರಾತಗಳನ್ನು ಅಂಗಳಕ್ಕೆ ತಂದಿಟ್ಟು ಕಾದಳು. ಗಂಟೆ ಬಾರಿಸಿದಳು. ಯಾರೂ ಬರಲಿಲ್ಲ. ಮತ್ತೆ ಬಾರಿಸಿದಳು. ಕೊನೆಗೆ ಬಂದದ್ದು ಒಬ್ಬಳೇ ಹುಡುಗಿ, ಜಟಕಾ ಹೊಡೆಯುವ ಕರೀಮಸಾಬನ ಮಗಳು ರಮಜಾನಬಿ. ತಾಯಿ ಬೀಸಿಕೊಟ್ಟ ಅರಿಷಿಣವನ್ನು ಓಢಣಿಯ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಊರಲ್ಲಿ ನಡೆದದ್ದನ್ನು ಹೇಳಿದವಳೂ ಅವಳೇ. ಮಕ್ಕಳು ಹೇಳುವಂತೆ, ಒಂದೂ ಮಾತು ಬಿಡದೆ, ಗಂಡನ್ನ ತಿಂದ ಕೈ ಎಂಬುದನ್ನೂ ಸೇರಿಸಿ ಹೇಳಿದಳು.

ಆ ಮಾತು ಹಾನಗಲ್ಲಿನಲ್ಲೇ ಉಳಿದಿದೆ ಎಂದು ಕೃಷ್ಣಾಬಾಯಿ ಇಷ್ಟು ವರ್ಷ ನಂಬಿದ್ದಳು. ಗೋಡೆ ಹಿಡಿದು ನಿಂತು, ನೀರು ಕುಡಿದು, ತಿರುಗಿ ಬಂದಳು. ಸಾಹೇಬ ಇನ್ನೇನು ಬಂದಾನು. ಹುಡುಗಿಯರಿಲ್ಲದಿದ್ದರೆ ಅವರು ಕಲಿತದ್ದನ್ನಾದರೂ ತೋರಿಸಬೇಕು.

"ಹಳದಿ ನೀ ತುಂಬು. ಹೈದರಾಬಾದ, ಮೈಸೂರು, ಸವಣೂರು, ಸಾಂಗಲಿ, ಎಲ್ಲಾ ನಿನಗ ಗೊತ್ತವ" ಎಂದಳು.

ರಮಜಾನಬಿ ಮಂಡಿಯೂರಿ ಒಂದೊಂದೇ ಸಂಸ್ಥಾನವನ್ನು ಹುಡುಕಿ ತುಂಬಿದಳು. ಸವಣೂರಿಗೆ ಒಂದು ಚಿಟಿಕೆ ಸಾಲದೆ ಎರಡು ಚಿಟಿಕೆ ಹಾಕಿದಳು. ಅವಳ ಅಜ್ಜಿಯ ಊರು ಅದು. ಕೃಷ್ಣಾಬಾಯಿ ಕುಂಕುಮದ ಪರಾತವನ್ನು ಕೋಲಿನಿಂದ ಅವಳ ಕಡೆ ನೂಕಿದಳು. ಹುಡುಗಿ ಕೈ ಹಿಂದಕ್ಕೆಳೆದುಕೊಂಡಳು.

"ಕೆಂಪು ಮುಟ್ಟಬ್ಯಾಡ ಅಂದಾಳ್ರಿ ನಮ್ಮವ್ವ. ಆಮ್ಯಾಲ ನಮ್ಮ ಮ್ಯಾಲ ಬರತೈತಂತ."

ಅದೂ ನಿಜವೇ. ಕೃಷ್ಣಾಬಾಯಿ ಗೋಡೆಯಾಚೆ ನೋಡಿದಳು. ಪರಮೇಶ್ವರಪ್ಪನ ಮಾಳಿಗೆಯ ಮೇಲೆ ಹೆಂಗಸರು, ಹುಡುಗಿಯರು ಸಾಲಾಗಿ ನಿಂತಿದ್ದರು. ಇಡೀ ಶಾಲೆ ಅಲ್ಲೇ ಇತ್ತು, ತಮಾಷೆ ನೋಡಲು. ಆಕೆಗೆ ಮತ್ತೆ ಆ ಸಿಟ್ಟು ಬಂತು. ಕೋಲನ್ನು ಗೋಡೆಗೆ ಆನಿಸಿಟ್ಟಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಬಲಗೈಯನ್ನು ಪರಾತದೊಳಗೆ ಮಣಿಕಟ್ಟಿನ ತನಕ ಹೂತಳು.

ಕೃಷ್ಣಾಬಾಯಿ ತನ್ನ ಕೈ ನಡುಗೀತೆಂದು ಕಾದಳು. ನಡುಗಲಿಲ್ಲ. ಅದೇ ಆಕೆಗೆ ದೊಡ್ಡ ದಿಗಿಲಾಯಿತು. ಇಪ್ಪತ್ತು ವರ್ಷ ಮೀರಿ ಮುಟ್ಟದಿದ್ದ ಪುಡಿ ತಣ್ಣಗೆ, ನುಣ್ಣಗೆ ಬೆರಳ ಸಂದಿನಿಂದ ಇಳಿಯುತ್ತಿತ್ತು. ಪಂಜಾಬ, ಸಿಂಧ, ಬಂಗಾಲ, ಬ್ರಹ್ಮದೇಶ, ಮದ್ರಾಸ, ಮುಂಬಯಿ. ಮುಗಿಸಿ ಎದ್ದಾಗ ಮೊಣಕೈಯ ತನಕ ಕೆಂಪಾಗಿತ್ತು. ಅಂಗಳದಲ್ಲಿ ಹಿಂದೂಸ್ಥಾನ ಉರಿಯುತ್ತಿದೆಯೇನೋ ಎಂಬಂತೆ ಕಾಣುತ್ತಿತ್ತು.

ದಿಪೋಟಿ ಸಾಹೇಬ ಬಂದ. ಧಾರವಾಡ ಕಡೆಯ ಬ್ರಾಹ್ಮಣ. ಉದ್ದ ಕೋಟು, ರುಮಾಲು, ಕಾಲಲ್ಲಿ ಕಿರ್ರೆನ್ನುವ ಬೂಟು. ಬಾಗಿಲಲ್ಲಿ ಮೊದಲು ಕಂಡದ್ದು ಬರಿದಾದ ಹಣೆ, ಅದರ ಕೆಳಗೆ ಕುಂಕುಮದ ಕೈ. ಆತ ಮುಂಜಾನೆ ಯಾರ ಮುಖ ನೋಡಿ ಎದ್ದೆನೋ ಎಂಬಂತೆ ದೃಷ್ಟಿ ತಿರುಗಿಸಿದ. ಎಷ್ಟು ಜನ ಹುಡುಗಿಯರು ಎಂದು ಕೇಳಿದ. ಕೃಷ್ಣಾಬಾಯಿ ರಮಜಾನಬಿಯ ಹೆಗಲ ಮೇಲೆ ಕೈ ಇಡಲು ಹೋಗಿ, ಕೈ ಕೆಂಪಾಗಿದ್ದು ನೆನಪಾಗಿ, ತಡೆದಳು.

"ಇವತ್ತ ಒಬ್ಬಾಕಿ ಬಂದಾಳ್ರಿ."

"ಒಂದು ಹುಡಿಗಿಗೆ ಒಂದು ಸಾಲಿ ನಡಸೂದಂದರ, ಒಂದು ಎಮ್ಮಿಗೆ ಒಂದು ಕೆರಿ ಕಟ್ಟಿಸಿಧಂಗ ಆತು, ಬಾಯಿ. ನನ್ನ ಕೈಯಾಗ ಏನಿಲ್ಲ. ಮುಚ್ಚಬೇಕಾಗತದ" ಎಂದ. ಕೆಟ್ಟ ಮನುಷ್ಯನಲ್ಲ, ಊಟದ ಹೊತ್ತು ಮೀರಿದ ಮನುಷ್ಯ. ಕುರ್ಚಿ ಅಂಗಳದ ಆ ತುದಿಗಿತ್ತು. ಅಲ್ಲಿ ಕೂತು ಬರೆದು ಮುಗಿಸೋಣವೆಂದು ನೆಟ್ಟಗೆ ಹೊರಟ. ಬಲಗಾಲಿನ ಬೂಟು ಮದ್ರಾಸ ಇಲಾಖೆಯ ಮೇಲೆ ಎದ್ದಿತು.

"ಏ ತಮ್ಮಾ, ಕಾಲು ತಗಿ."

ಮಾಳಿಗೆಯ ಮೇಲಿನಿಂದ ಬಂದ ಆ ದನಿಗೆ ಸಾಹೇಬ ಒಂಟಿಗಾಲಲ್ಲಿ ನಿಂತುಬಿಟ್ಟ. ಸಿದ್ದವ್ವ ಮೆಟ್ಟಿಲಿಳಿದು, ಎಪ್ಪತ್ತರ ವಯಸ್ಸನ್ನು ಎಲ್ಲಿ ಇಟ್ಟು ಬಂದಳೋ, ಗಿರಕ್ಕನೆ ತಿರುಗಿ ಅಂಗಳದೊಳಗೆ ನುಗ್ಗಿದಳು. "ಅರಿಷಿಣ ಕುಂಕುಮದ ಮ್ಯಾಲ ಬೂಟು ಇಡತೀ ಏನೋ? ಹಡದಾಕಿ ಇಷ್ಟರೆ ಹೇಳಿಲ್ಲೇನು ನಿನಗ?" ಹಿಂದೆ ಹೆಂಗಸರು, ಅವರ ಹಿಂದೆ ಹುಡುಗಿಯರು. ಬೂಟಿನಿಂದ ಉಳಿಸಲು ಅಷ್ಟೂ ಹುಡುಗಿಯರು ನಕಾಶೆಯ ಸುತ್ತ ಕೈ ಕೈ ಹಿಡಿದು ನಿಂತರು. ಶಾಲೆಯನ್ನು ಖಾಲಿ ಮಾಡಿದ ಕುಂಕುಮವೇ ಶಾಲೆಯನ್ನು ತುಂಬಿಬಿಟ್ಟಿತು. ಸಾಹೇಬ ಕಾಲು ಹಿಂದಕ್ಕೆ ತೆಗೆದು, ಬೂಟು ಕಳಚಿ, ಕಕ್ಕಾಬಿಕ್ಕಿಯಾಗಿ ಹುಡುಗಿಯರನ್ನು ಎಣಿಸಿದ. ಲೆಕ್ಕ ಸರಿಯಿತ್ತು.

ಅಷ್ಟರಲ್ಲಿ ದಾನವ್ವ ನಕಾಶೆಯನ್ನು ನೋಡಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಅಕ್ಕೋರ ಕೈ ಸೋಕದೆ ಉಳಿದಿದ್ದ ಇನ್ನೊಂದು ಪರಾತದ ಕುಂಕುಮ ಹಿಡಿದು ಓಡಿ, ಹೈದರಾಬಾದಿನ ನಡುವೆ ಒಂದು ಬೊಟ್ಟು, ಮೈಸೂರಿನ ನಡುವೆ ಒಂದು, ಸವಣೂರಿನ ಆ ಚಿಟಿಕೆಯ ಮೇಲೂ ಒಂದು ಸಣ್ಣ ಬೊಟ್ಟು ಇಟ್ಟಳು. ತಡೆಯುವಷ್ಟರಲ್ಲಿ ಯಾವ ಸಂಸ್ಥಾನವೂ ಬೊಟ್ಟಿಲ್ಲದೆ ಉಳಿದಿರಲಿಲ್ಲ.

ಸಾಹೇಬನ ಹುಬ್ಬು ಗಂಟಾಯಿತು. ಅದು ಚಳವಳಿಯ ಕಾಲ. ರಾಜರ ನವಾಬರ ಸೀಮೆಯೊಳಗೆಲ್ಲ ಇಂಗ್ಲಿಷರ ಕೆಂಪು ಇಡಿಸುವುದೆಂದರೆ ರಾಜರನ್ನೋ ಸರಕಾರವನ್ನೋ ಅಣಕಿಸಿದಂತೆ.

"ಸಂಸ್ಥಾನದೊಳಗ ಕೆಂಪು ಯಾಕ ಹಚ್ಚಿದಿ? ಯಾರು ಹೇಳಿಕೊಟ್ಟರು?" ಎಂದು ಕೇಳಿದ. ಪ್ರಶ್ನೆ ಹುಡುಗಿಗೆ, ನೋಟ ಕೃಷ್ಣಾಬಾಯಿಯ ಕಡೆಗೆ. ಈಗಷ್ಟೇ ಉಳಿದುಕೊಂಡ ಶಾಲೆ ಮತ್ತೆ ಕೈಬಿಟ್ಟು ಹೋಗುತ್ತಿತ್ತು.

"ಯಾರೂ ಹೇಳಿಲ್ರಿ" ಎಂದಳು ದಾನವ್ವ. "ಅರಿಷಿಣ ಒಂದ ಇಟ್ಟು ಬಿಡಬಾರದರಿ. ಮ್ಯಾಲ ಕುಂಕುಮ ಇಡಬೇಕು. ಇಲ್ಲಾಂದ್ರ ನಮ್ಮ ಅಕ್ಕೋರ ಹಣೀಗತೆ ಬಣಬಣ ಅನ್ನತೈತ್ರಿ."

ಹುಡುಗಿಗೆ ತಾನು ಏನಂದೆನೆಂದು ತಿಳಿಯಲಿಲ್ಲ, ಆದರೆ ಏನೋ ಆಯಿತೆಂದು ತಿಳಿಯಿತು. ಅಕ್ಕೋರ ಮುಖ ನೋಡಿ ಅವಳ ತುಟಿ ಬಿಗಿಯಿತು. ಸಾಹೇಬ ಕೆಮ್ಮಿದ. ಆಮೇಲೆ ಅದನ್ನು ಮುಂದೆ ಕೇಳಲಿಲ್ಲ. ಕರಾಚಿ ಎಲ್ಲಿ, ಕಲಕತ್ತೆ ಎಲ್ಲಿ, ವರದೆ ಯಾವ ಹೊಳೆಗೆ ಕೂಡುತ್ತದೆ ಎಂದು ಕೇಳಿದ. ಹುಡುಗಿಯರು ನಾ ಮುಂದು ತಾ ಮುಂದು ಎಂದು ತೋರಿಸಿದರು. ಶಾಲೆ ಇರಲಿ ಎಂದು ಹೇಳಿ, ಬೂಟನ್ನು ಕೈಯಲ್ಲಿ ಹಿಡಿದುಕೊಂಡೇ ಬಾಗಿಲ ತನಕ ಹೋದ.

ಶಾಲೆ ಉಳಿಯಿತು. ಕೃಷ್ಣಾಬಾಯಿ ಗೋಡೆಗೆ ಒರಗಿ ನಿಂತು ಕಣ್ಣು ಮುಚ್ಚಿದಳು. ಕಣ್ಣು ತೆರೆದಾಗ ಹೆಂಗಸರು ನೆಲಕ್ಕೆ ಕೂತಿದ್ದರು. ಅರಿಷಿಣ ಕುಂಕುಮವನ್ನು ಕಸಬರಿಗೆಗೆ ಕೊಡಬಾರದು, ಎತ್ತಿಕೊಂಡು ಮನೆಗೆ ಒಯ್ಯಬೇಕು; ಅದಕ್ಕಾಗಿ ಸಿದ್ದವ್ವ ಎಲೆಯಡಿಕೆಯ ಚಂಚಿಯಿಂದ ಸವಣೂರಿನ ವೀಳ್ಯದೆಲೆಗಳನ್ನು ತೆಗೆದು ಹಂಚಿದ್ದಳು. ರಮಜಾನಬಿಯ ಅರಿಷಿಣವನ್ನೂ, ದಾನವ್ವನ ಬೊಟ್ಟುಗಳನ್ನೂ ಅವರು ಎಲೆಯ ಅಂಚಿನಿಂದ ನಾಜೂಕಾಗಿ ಎತ್ತಿಕೊಂಡರು. ಒಬ್ಬಾಕೆಯ ಎಲೆ ಪಕ್ಕದ ಮುಂಬಯಿ ಇಲಾಖೆಗೆ ಹೋಯಿತು.

"ಅದು ಬ್ಯಾಡವಾ" ಎಂದಳು ಸಿದ್ದವ್ವ, ಮೆಲ್ಲಗೆ. "ಅದು ಅಕ್ಕೋರ ಕೈದು."

ಆಕೆ ಎಲೆಯನ್ನು ಹಿಂದಕ್ಕೆ ತೆಗೆದುಕೊಂಡಳು. ಸಿದ್ದವ್ವನ ದನಿಯಲ್ಲಿ ಸಿಟ್ಟಿರಲಿಲ್ಲ, ಹಂಗಿಸುವುದಿರಲಿಲ್ಲ. ಬಿಸಿಯಿದೆ ಮುಟ್ಟಬೇಡ ಎಂದು ಹೇಳಿದಂತಿತ್ತು. ಹೋಗುವಾಗ ಸಿದ್ದವ್ವ, "ನಾಳಿಂದ ಹುಡಿಗ್ಯಾರು ಬರತಾರ್ರಿ ಅಕ್ಕೋರ" ಎಂದು ಮರ್ಯಾದೆಯಿಂದಲೇ ಹೇಳಿದಳು. ದಾನವ್ವ ಬಾಗಿಲಲ್ಲಿ ತಿರುಗಿ ತಿರುಗಿ ನೋಡುತ್ತ ಹೋದಳು. ಅಂಗಳದಲ್ಲಿ ಕೆಂಪು ಅಷ್ಟೇ ಉಳಿಯಿತು, ಸಂಸ್ಥಾನಗಳಿದ್ದಲ್ಲೆಲ್ಲ ತೂತು ಬಿದ್ದು. ಬೂಟಿನಿಂದ ಕಾಯಲು ಬಂದವರು, ಮನೆಗೆ ಒಯ್ಯಲು ಹೆದರಿದರು. ಕೃಷ್ಣಾಬಾಯಿ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಒಂದು ಖಾಲಿ ಬಿಸ್ಕೀಟಿನ ಡಬ್ಬಿ ತಂದು, ಇಡೀ ಇಂಗ್ಲಿಷ್ ರಾಜ್ಯವನ್ನು ಒಂದೊಂದೇ ಹಿಡಿಯಾಗಿ ಅದರೊಳಗೆ ತುಂಬಿದಳು.

ಮುಂದಿನ ವರ್ಷದಿಂದ ಹುಡುಗಿಯರು ಅರಿಷಿಣವನ್ನಷ್ಟೇ ತರುತ್ತಿದ್ದರು. ಕೆಂಪು ಡಬ್ಬಿಯಿಂದ ಬರುತ್ತಿತ್ತು. ಅದನ್ನು ಕೃಷ್ಣಾಬಾಯಿಯೇ ಹಾಕುತ್ತಿದ್ದಳು, ಕೃಷ್ಣಾಬಾಯಿಯೇ ಎತ್ತಿಡುತ್ತಿದ್ದಳು. ಯಾರೂ ಮಾತಾಡಿಕೊಳ್ಳದೆ ಆದ ಕರಾರು ಅದು. ಬ್ರಹ್ಮದೇಶ ಬೇರೆಯಾದಾಗ ನಕಾಶೆಯಿಂದ ಅದನ್ನು ಬಿಟ್ಟಳು, ಅಷ್ಟು ಪುಡಿ ಉಳಿಯಿತು. ದಾನವ್ವ ನಾಲ್ಕನೆಯ ಇಯತ್ತೆ ಮುಗಿಸಿದಳು. ಕೆಲ ವರ್ಷಕ್ಕೆ ಹಿರೇಕೆರೂರಿನ ಹತ್ತಿರದ ಚಿಕ್ಕೇರೂರಿಗೆ ಮದುವೆಯಾಗಿ ಹೋದಳು. ಆಮೇಲೆ ಕೃಷ್ಣಾಬಾಯಿಗೆ ಹಾನಗಲ್ಲಿಗೆ ವರ್ಗವಾಯಿತು. ಬೇಡವೆಂದು ಅರ್ಜಿ ಬರೆದು ಹರಿದು ಹಾಕಿ, ಡಬ್ಬಿ ಹಿಡಿದುಕೊಂಡು ಹೋದಳು. ಐದು ವರ್ಷ ಅಲ್ಲಿ ಕಲಿಸಿದಳು, ಆದರೆ ಆ ಹಳೆಯ ಓಣಿಯಲ್ಲಿ ಒಮ್ಮೆಯೂ ಕಾಲಿಡಲಿಲ್ಲ. ಅಲ್ಲಿಂದ ಹಿರೇಕೆರೂರಿಗೆ.

ನಲವತ್ತೇಳರಲ್ಲಿ ಇಂಗ್ಲಿಷರು ಹೋದರು. ಮರುವರ್ಷ ಸವಣೂರು ಸಂಸ್ಥಾನವೂ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಜೂನಿನಲ್ಲಿ ಹಿರೇಕೆರೂರಿನ ಶಾಲೆ ತೆರೆದಾಗ ಕೃಷ್ಣಾಬಾಯಿ ಡಬ್ಬಿಯನ್ನು ಕಪಾಟಿನಿಂದ ಇಳಿಸಿದಳು. ಇನ್ನು ಈ ಕೆಂಪು ಯಾವ ಸೀಮೆಗೂ ಬೇಡ. ಕುಂಕುಮವನ್ನು ತಿಪ್ಪೆಗೆ ಹಾಕಲಾಗದು, ಯಾರಿಗೂ ಕೊಡಲಾಗದು. ಸಂಜೆ ಕೆರೆಗೆ ಬಿಟ್ಟು ಬರೋಣವೆಂದು ಮೇಜಿನ ಮೇಲಿಟ್ಟಳು.

ಆಗಲೇ ಬಾಗಿಲಲ್ಲಿ ಒಂದು ಗಾಡಿ ನಿಂತಿತು. ಇಳಿದವಳು ದಾನವ್ವ, ಮೈ ಕೈ ತುಂಬಿಕೊಂಡ ಹೆಂಗಸಾಗಿದ್ದಳು. ಹಿಂದೆ ಅತ್ತೆ ನಾಗವ್ವ, ಕೈಯಲ್ಲಿ ಆರು ವರ್ಷದ ಮಗಳು ಮಾದೇವಿ, ಒಂದು ಬುಟ್ಟಿ ಪುಠಾಣಿ ಬೆಲ್ಲ. ಮಗಳಿಗೆ ಹೆಸರು ಹಚ್ಚಲು ಬಂದಿದ್ದರು. ಹಿರೇಕೆರೂರಿನಲ್ಲಿ ನೆಂಟರ ಮನೆಯಲ್ಲಿ ಬಿಟ್ಟು ಓದಿಸುವುದೆಂದು ಠರಾವಾಗಿತ್ತು. ಬಾಗಿ ನಮಸ್ಕರಿಸಿ ಏಳುವಾಗ ದಾನವ್ವನ ಕಣ್ಣು ಡಬ್ಬಿಯ ಮೇಲೆ ಬಿತ್ತು.

"ಇದು ಆ ಡಬ್ಬಿ ಏನ್ರಿ ಅಕ್ಕೋರ?"

"ಹೌದವಾ. ಇನ್ನ ಇದರ ಕೆಲಸ ಮುಗೀತು. ಕೆರಿಗೆ ಬಿಡಬೇಕಂತ ತಗದೇನಿ."

ದಾನವ್ವ ಮುಚ್ಚಳ ತೆಗೆದಳು. ಹದಿನಾಲ್ಕು ವರ್ಷ ಕೂಡಿದ ಮಣ್ಣು, ಅರಿಷಿಣದ ಹರಳು, ಆದರೂ ಒಳಗೆ ಕೆಂಪು ಕೆಂಪಾಗಿಯೇ ಇತ್ತು. ಉಂಗುರದ ಬೆರಳನ್ನು ಅದರೊಳಗೆ ಅದ್ದಿ, ಕನ್ನಡಿಯಿಲ್ಲದೆ, ತನ್ನ ಹಣೆಗೆ ಇಟ್ಟುಕೊಂಡಳು. ಮತ್ತೆ ಅದ್ದಿ ಮಗಳ ಹಣೆಗೂ ಇಟ್ಟಳು.

ಕೃಷ್ಣಾಬಾಯಿ ಎದ್ದು ನಿಂತುಬಿಟ್ಟಳು. "ದಾನವ್ವಾ, ಏನ ಮಾಡಿದಿ? ಅದು ನನ್ನ ಕೈ ಮುಟ್ಟಿದ್ದು."

"ಗೊತ್ತೈತ್ರಿ."

ಬಾಗಿಲಲ್ಲಿ ನಿಂತಿದ್ದ ನಾಗವ್ವ ಚೌಕಟ್ಟು ಹಿಡಿದುಕೊಂಡಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. "ಹುಚ್ಚಿ, ಒರಸಿಕೋ ಅದನ್ನ. ಮುತ್ತೈದಿ ಅದೀ. ಮನ್ಯಾಗ ನನ್ನ ಮಗ ಅದಾನ."

"ಇರತಾನ ಬಿಡ್ರಿ ಅತ್ತಿ" ಎಂದಳು ದಾನವ್ವ. "ಅಕ್ಕೋರ ಕೈ ಯಾರನ್ನೂ ಕೊಂದಿಲ್ಲ."

ಹಾನಗಲ್ಲಿನ ಆ ದಿನದಿಂದ ಈ ದಿನದ ತನಕ ಆ ಮಾತನ್ನು ಕೃಷ್ಣಾಬಾಯಿಗೆ ಯಾರೂ ಹೇಳಿರಲಿಲ್ಲ. ಕಾಲರಾದಿಂದ ಸತ್ತ ಎಂದು ತಂದೆ ಹೇಳಿದ್ದ, ಹಣೆಬರಹ ಎಂದೂ ಹೇಳಿದ್ದ. ನಿನ್ನ ಕೈಯದು ತಪ್ಪಿಲ್ಲ ಎಂದು ಹೇಳಲು ಅವನಿಗೂ ಹೊಳೆದಿರಲಿಲ್ಲ. ಆಕೆ ಕುರ್ಚಿಯಲ್ಲಿ ಕೂತು, ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಬೇರೆ ಯಾರದೋ ವಸ್ತುವನ್ನು ನೋಡುವಂತೆ ಅದನ್ನು ನೋಡಿದಳು. ನಾಗವ್ವ ಏನನ್ನೋ ಹೇಳುತ್ತಿದ್ದಳು, ದಾನವ್ವ ಉತ್ತರ ಕೊಡುತ್ತಿದ್ದಳು. ಅದೊಂದೂ ಆಕೆಗೆ ಕೇಳಿಸಲಿಲ್ಲ.

ಮಾದೇವಿ ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಎದುರಿಗೆ ನಿಂತಿದ್ದಳು. ಹಂಚುವವರು ಯಾರೆಂದು ಹುಡುಗಿ ಕಾಯುತ್ತಿದ್ದಳು.

ಕೃಷ್ಣಾಬಾಯಿ ಬಾಯಿ ತೆರೆದಳು, ದೊಡ್ಡವರು ಯಾರಾದರೂ ಹಂಚಿರೆಂದು ಹೇಳಲು. ಹೇಳಲಿಲ್ಲ. ಬುಟ್ಟಿಯೊಳಗೆ ಕೈ ಹಾಕಿ, ಒಂದು ಹಿಡಿ ಪುಠಾಣಿ ಬೆಲ್ಲ ತೆಗೆದು, ಹುಡುಗಿಯ ಅಂಗೈಗೆ ಸುರಿದಳು. ಮಾದೇವಿ ಅದನ್ನು ಬಾಯಿಗೆ ಹಾಕಿಕೊಂಡು, ಜಗಿದು, ನುಂಗಿ, ಇನ್ನಷ್ಟು ಬೇಕೆಂದು ಮತ್ತೆ ಕೈ ಚಾಚುವ ತನಕ ಕೃಷ್ಣಾಬಾಯಿ ಉಸಿರು ಬಿಡಲಿಲ್ಲ.